ಸೆಕೆಂಡ್ ಹ್ಯಾಂಡ್ ಹೈಬ್ರಿಡ್‌ಗೆ 3 ಲಕ್ಷ ಹೆಚ್ಚಿಗೆ ಕೊಡಬಹುದಾ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ):
ನಮಸ್ಕಾರ ಸರ್. 2022ರ ಕೊನೆಯಲ್ಲಿ ರಿಜಿಸ್ಟರ್ ಆದ ಮಾರುತಿ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ (ಸ್ವಲ್ಪ ದೂರ ಬರೀ ಬ್ಯಾಟರಿ ಮೋಟರಲ್ಲೂ ಓಡೋದು) ನೋಡಿದೀವಿ. 58,000 ಕಿ.ಮೀ. ಓಡಿದೆ, 14 ಲಕ್ಷ ಹೇಳ್ತಿದಾರೆ. ಅದೇ ವರ್ಷದ ಸ್ಮಾರ್ಟ್ ಹೈಬ್ರಿಡ್ ಆಟೋಮ್ಯಾಟಿಕ್ (ಮೋಟರ್ ಇಂಜಿನ್ನಿಗೆ ಬರೀ ಸಹಾಯ ಮಾಡೋದು) 11 ಲಕ್ಷಕ್ಕೆ ಸಿಗ್ತಿದೆ. ಊರೊಳಗೆ ದಿನಾ 20 ಕಿ.ಮೀ., ವಾರಕ್ಕೊಮ್ಮೆ ಚಿತ್ರದುರ್ಗಕ್ಕೆ ಹೋಗಿಬರೋದು. ಬ್ಯಾಟರಿ ಹೋದ್ರೆ ಕಾರೇ ಹೋದಂಗೆ ಅಂತ ಎಲ್ಲರೂ ಹೆದರಿಸ್ತಾರೆ. ತಗೋಬಹುದಾ?

ಉತ್ತರ (ಹೈಬ್ರಿಡ್ ಟೆಕ್ನಿಶಿಯನ್):
ಮೊದಲು ಲೆಕ್ಕ ಹಾಕೋಣ ಸರ್. ನಿಮ್ಮ ಓಡಾಟ ವರ್ಷಕ್ಕೆ ಸುಮಾರು 12,000 ಕಿ.ಮೀ. ಕಂಪನಿ ಹೇಳೋ ಲೀಟರಿಗೆ 27.97 ಕಿ.ಮೀ. ಪರೀಕ್ಷೆಯ ಅಂಕಿ, ಅದನ್ನ ಬಿಡ್ರಿ. ಸ್ಟ್ರಾಂಗ್ ಹೈಬ್ರಿಡ್ 22, ಸ್ಮಾರ್ಟ್ 15 ಕೊಡುತ್ತೆ ಅಂತ ಹಿಡೀರಿ. ವರ್ಷಕ್ಕೆ 255 ಲೀಟರ್ ಉಳಿತು. ಲೀಟರಿಗೆ 103 ರೂಪಾಯಿಯಂತೆ 26,000 ಚಿಲ್ಲರೆ. 3 ಲಕ್ಷ ವಾಪಸ್ ಬರೋಕೆ 11 ವರ್ಷ ಮೇಲೆ ಬೇಕು. ಬರೀ ಪೆಟ್ರೋಲ್ ಉಳಿಸೋಕೆ ಅಂದ್ರೆ ಈ ರೇಟಿಗೆ ಬೇಡ. ವ್ಯತ್ಯಾಸ ಒಂದೂವರೆ ಲಕ್ಷಕ್ಕಿಳಿದ್ರೆ, ಇಲ್ಲಾ ಓಡಾಟ 30,000 ಮುಟ್ಟಿದ್ರೆ ಮಾತು ಬೇರೆ. ಇನ್ನೊಂದು ವಿಷಯ: ಊರೊಳಗೆ ಟ್ರಾಫಿಕ್ಕಲ್ಲಿ ನಿಂತು ನಿಂತು ಹೋಗುವಾಗ ಇಂಜಿನ್ ಆಫ್ ಇರುತ್ತೆ, ಅಲ್ಲಿ ಲಾಭ. ಎನ್‌ಎಚ್ 48ರಲ್ಲಿ ನೂರರ ಸ್ಪೀಡಲ್ಲಿ ಹೆಚ್ಚಿನ ಹೊತ್ತು ಇಂಜಿನ್ನೇ ಓಡುತ್ತೆ, ಅಂಥ ವ್ಯತ್ಯಾಸ ಕಾಣಲ್ಲ.

ಬ್ಯಾಟರಿ ಭಯ ಜಾಸ್ತಿಯೇ ಆಯ್ತು. ಅದಿರೋದು ಬರೀ 0.76 ಕಿಲೋವ್ಯಾಟ್‌ಅವರ್, 177.6 ವೋಲ್ಟ್‌ನ ಲಿಥಿಯಂ ಪ್ಯಾಕ್. ಪೂರ್ತಿ ತುಂಬೋಕೂ ಖಾಲಿಯಾಗೋಕೂ ಕಾರೇ ಬಿಡಲ್ಲ, ಅದಕ್ಕೇ ಬಾಳಿಕೆ ಬರುತ್ತೆ. ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ಅಂದ್ರೆ ನಿಮಗೆ 2030ರ ಕೊನೆವರೆಗೆ. ಸರ್ವಿಸ್ ಹಿಸ್ಟರಿ ಅಧಿಕೃತ ಕೇಂದ್ರದ್ದೇ ಆಗಿರಲಿ. ಮಧ್ಯೆ ಖಾಲಿ ಇದ್ರೆ ವಾರಂಟಿ ಕೇಳೋ ದಿನ ತಕರಾರು ಗ್ಯಾರಂಟಿ.

ನೋಡೋಕೆ ಹೋದಾಗ ಇಂಜಿನ್ ತಣ್ಣಗಿರಬೇಕು. ಸ್ಟಾರ್ಟ್ ಒತ್ತಿದ್ಮೇಲೆ ‘ರೆಡಿ’ ದೀಪ ಬಂದ್ರೆ ಸಾಕು, ಇಂಜಿನ್ ಸದ್ದು ಬರಲಿಲ್ಲ ಅಂತ ಗಾಬರಿ ಆಗ್ಬೇಡಿ. ಆಮೇಲೆ ‘ಪಿ’ಯಲ್ಲಿಟ್ಟು ಎ.ಸಿ. ಹಾಕಿ ಇಪ್ಪತ್ತು ನಿಮಿಷ ಸುಮ್ಮನೆ ಕೂತು ಸ್ಕ್ರೀನಲ್ಲಿ ಬ್ಯಾಟರಿ ಚಾರ್ಜ್ ಗೆರೆ ನೋಡ್ರಿ. ನಿಧಾನಕ್ಕೆ ಇಳಿದು, ಇಂಜಿನ್ ಬಂದು ಏರಿಸಿ, ಮತ್ತೆ ಆಫ್ ಆಗ್ಬೇಕು. ಗೆರೆ ದಬದಬ ಇಳಿದು ಅಷ್ಟೇ ಬೇಗ ಏರಿದ್ರೆ ಪ್ಯಾಕ್‌ನ ಸಾಮರ್ಥ್ಯ ಕುಗ್ಗಿದೆ ಅಂತಲೇ. ಕಾರಿನ ಕಂಪ್ಯೂಟರ್ ಓದೋ ಸ್ಕ್ಯಾನರ್ ಹಾಕಿ, ಓಡಿಸ್ತಾ ಪ್ಯಾಕ್ ಒಳಗಿನ ಒಂದೊಂದು ಸೆಲ್ಲಿನ ವೋಲ್ಟೇಜ್ ಓದಿಸ್ರಿ. ಎಲ್ಲಾ ಒಟ್ಟಿಗೆ ಇಳಿದು ಒಟ್ಟಿಗೆ ಏರಬೇಕು, ಆಕ್ಸಿಲರೇಟರ್ ಒತ್ತಿದಾಗ ಒಂದು ಸೆಲ್ ಮಾತ್ರ ಕುಸಿದ್ರೆ ಆ ಕಾರು ಬಿಟ್ಟುಬಿಡಿ.

ಬ್ಯಾಟರಿಗೆ ಗಾಳಿ ಎಳೆಯೋ ಜಾಲರಿಗೆ ಕೈ ಹಾಕಿ ನೋಡ್ರಿ. ನಮ್ಮ ಕಡೆ ಧೂಳು, ನಾಯಿ ಕೂದಲು ಕಟ್ಟಿದ್ರೆ ಪ್ಯಾಕ್ ಬಿಸಿಯಾಗಿ ಆಯಸ್ಸು ಇಳಿಯುತ್ತೆ. ಬಾನೆಟ್ ಒಳಗೆ ಕಿತ್ತಳೆ ಬಣ್ಣದ ಕೇಬಲ್ ಕಾಣ್ತಾವೆ, ಅವು ಹೈ ವೋಲ್ಟೇಜ್, ಕೈ ಹಚ್ಚಬೇಡಿ, ಕಣ್ಣಲ್ಲಿ ನೋಡಿ. ಮೆಕ್ಕೆಜೋಳದ ಗೋದಾಮಿನ ಪಕ್ಕ ನಿಲ್ಲೋ ಗಾಡಿಗೆ ಇಲಿ ಕಡಿದ ಗುರುತು ಇರಬಹುದು.

ಎ.ಸಿ. ಎಲ್ಲಿ ಮಾಡ್ಸಿದ್ರಿ ಅಂತ ಕೇಳೋದನ್ನ ಮರೀಬೇಡಿ, ಇದನ್ನ ಯಾರೂ ಕೇಳಲ್ಲ. ಇದರ ಕಂಪ್ರೆಸರ್ ಹೈ ವೋಲ್ಟೇಜಲ್ಲಿ ಓಡುತ್ತೆ. ಒಳಗಿರೋ ಎಣ್ಣೆ ಕರೆಂಟ್ ಹಾಯದಂಥ ಪಿಒಇ ಜಾತಿದು. ಮಾಮೂಲಿ ಅಂಗಡಿಯಲ್ಲಿ ಮಾಮೂಲಿ ಕಾರಿನ ಪಿಎಜಿ ಎಣ್ಣೆ ಹಾಕಿದ್ರೆ ಇನ್ಸುಲೇಷನ್ ಕೆಟ್ಟು ಕರೆಂಟ್ ಸೋರಿಕೆ ಎರರ್ ಬರುತ್ತೆ, ಕಂಪ್ರೆಸರ್ರೇ ಬದಲಾಯಿಸೋ ಹಂತಕ್ಕೆ ಹೋಗುತ್ತೆ.

ಮರುಪ್ರಶ್ನೆ (ಚಿತ್ರದುರ್ಗ):
ಅಣ್ಣಾ, ನಮಗೆ ತೋರಿಸಿದ ಗಾಡಿ ಎರಡು ತಿಂಗಳು ನಿಂತಿತ್ತಂತೆ, ‘ರೆಡಿ’ಯೇ ಬರ್ತಿಲ್ಲ. ದೊಡ್ಡ ಬ್ಯಾಟರಿ ಸತ್ತಿದೆ ಅಂತ ರೇಟ್ ಇಳಿಸ್ತಿದಾರೆ. ಬಲೆಗೆ ಬೀಳಿಸ್ತಿದಾರಾ?

ಉತ್ತರ:
ಬಹುಶಃ 12 ವೋಲ್ಟಿನ ಚಿಕ್ಕ ಬ್ಯಾಟರಿ ಇಳಿದಿದೆ ತಮ್ಮಾ. ಕಂಪ್ಯೂಟರ್, ರಿಲೇ ಎಲ್ಲಾ ಎದ್ದೇಳೋದು ಅದರಿಂದಲೇ. ಮಲ್ಟಿಮೀಟರಲ್ಲಿ ನೋಡು: 12.4ರ ಮೇಲಿದ್ರೆ ಸರಿ, 12ಕ್ಕಿಂತ ಕೆಳಗಿದ್ರೆ ಬೇರೆ ಬ್ಯಾಟರಿಯಿಂದ ಜಂಪ್ ಕೊಟ್ಟು ನೋಡು. ಆಗ ‘ರೆಡಿ’ ಬಂದು ಎರರ್ ಇಲ್ಲದಿದ್ರೆ, ಮೇಲೆ ಹೇಳಿದ ಪರೀಕ್ಷೆ ಮಾಡಿ ಚೌಕಾಸಿ ಮಾಡು. ಜಂಪ್ ಕೊಟ್ರೂ ಬರಲಿಲ್ಲ ಅಂದ್ರೆ ಸ್ಕ್ಯಾನ್ ಆಗೋವರೆಗೂ ಅಡ್ವಾನ್ಸ್ ಕೊಡ್ಬೇಡ.

ಉತ್ತರ (ಹಳೇ ಕಾರು ವ್ಯವಹಾರದವರು):
ಇನ್ನೊಂದು ಸೇರಿಸ್ತೀನಿ. ಜಾಹೀರಾತಲ್ಲಿ ‘ಹೈಬ್ರಿಡ್’ ಅಂತಷ್ಟೇ ಇದ್ರೆ ನಂಬಬೇಡಿ, ಸ್ಮಾರ್ಟ್ ಹೈಬ್ರಿಡ್ಡನ್ನೂ ಹಂಗೇ ಮಾರ್ತಾರೆ. ಸ್ಟ್ರಾಂಗ್‌ನಲ್ಲಿ ಬರೀ ಬ್ಯಾಟರಿಯಲ್ಲಿ ಓಡಿಸೋ ಇ.ವಿ. ಮೋಡ್ ಇರುತ್ತೆ, ಡಿಕ್ಕಿಯಲ್ಲಿ ಜಾಗ ಕಮ್ಮಿ. ಕೆಎ 16, ಕೆಎ 17 ಗಾಡಿಗೆ ಹೆಸರು ವರ್ಗಾವಣೆಗೆ ಫಾರಂ 29, 30, ಸಾಲ ತೀರಿದ್ರೆ 35. ಹೊರರಾಜ್ಯದ್ದಾದ್ರೆ 28 ಎನ್‌ಒಸಿ, ಜೊತೆಗೆ ಇಲ್ಲಿಯ ತೆರಿಗೆಯನ್ನೂ ರೇಟಿಗೆ ಸೇರಿಸ್ಕೊಳ್ಳಿ. ವಿಮೆ ಹೆಸರು ಬದಲಾವಣೆಗೆ 14 ದಿನದೊಳಗೆ ಅರ್ಜಿ ಹಾಕಿ.

ವಿದ್ಯಾನಗರ:
ಥ್ಯಾಂಕ್ಸ್ ಸರ್. 12.5 ಲಕ್ಷಕ್ಕೆ ಕೇಳ್ತೀವಿ, ಭಾನುವಾರ ನೋಡೋಕೆ ಹೋಗ್ತಿದೀವಿ.

ಉತ್ತರ:
ಬೆಳಿಗ್ಗೆ ಮೊದಲು ಹೋಗಿ, ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ರೆ ಆಗಲೇ ಓಡಿಸಿ ಇಟ್ಟಿದಾರೆ ಅಂತ, ಸಂಜೆ ಮತ್ತೆ ಬರ್ತೀವಿ ಅನ್ನಿ.