ಕನ್ನಡದ ಮೂಲಕ ಜಪಾನಿ ಕಲಿಸುವ ಮುಕ್ತ ಜಾಲತಾಣ: ನಿಘಂಟನ್ನು ಎಲ್ಲಿಂದ ತರುವುದು?

ಪ್ರಶ್ನೆ

ನಮಸ್ಕಾರ. ಬೆಂಗಳೂರಿನಲ್ಲಿ ಜೆಎಲ್‌ಪಿಟಿ ಎನ್‌5 ಪರೀಕ್ಷೆಗೆ (ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಅತಿ ಸುಲಭದ ಹಂತ) ಓದುತ್ತಿರುವ ಕನ್ನಡಿಗರಿಗಾಗಿ ಮುಕ್ತ ತಂತ್ರಾಂಶದ ಜಾಲತಾಣವೊಂದನ್ನು ಕಟ್ಟುತ್ತಿದ್ದೇನೆ. ಜಪಾನಿ ಪಠ್ಯವನ್ನು ಅಂಟಿಸಿ, ಯಾವುದಾದರೂ ಪದವನ್ನು ಮುಟ್ಟಿದರೆ ಅದರ ಅರ್ಥ ಕನ್ನಡದಲ್ಲಿ ಕಾಣಬೇಕು, ಆ ಪದವನ್ನು ಆಂಕಿ ಎಂಬ ನೆನಪಿನ ಚೀಟಿಗಳ ತಂತ್ರಾಂಶಕ್ಕೆ ಕಳಿಸುವಂತೆಯೂ ಇರಬೇಕು. ಜಪಾನಿಯಲ್ಲಿ ಪದಗಳ ನಡುವೆ ತೆರಪು ಬಿಡುವುದಿಲ್ಲವಾದ್ದರಿಂದ ಕುರೊಮೋಜಿ.ಜೆಎಸ್ ಎಂಬ ತಂತ್ರಾಂಶವನ್ನು ಬಳಸಿದೆ. ಪದಗಳನ್ನು ಅದು ಚೆನ್ನಾಗಿಯೇ ಬಿಡಿಸುತ್ತದೆ, ಆದರೆ ಅದರ ನಿಘಂಟಿನ ಕಡತಗಳೇ 10 ಎಂಬಿಯನ್ನು ಮೀರುವುದರಿಂದ ಮೊಬೈಲಿನಲ್ಲಿ ಪುಟ ತೆರೆಯಲು ತಡವಾಗುತ್ತದೆ. ಹಗುರವಾದ ದಾರಿಯೇನಾದರೂ ಇದೆಯೇ? ಕನ್ನಡದ ಅರ್ಥಗಳನ್ನು ಎಲ್ಲಿಂದ ತರಲಿ?

ಉತ್ತರ 1

ಮುಟ್ಟಿದ ಪದವೊಂದೇ ಸಾಕೆಂದಾದರೆ ಇಡೀ ವಾಕ್ಯವನ್ನು ಬಿಡಿಸಬೇಕಾಗಿಲ್ಲ. ಯೋಮಿತಾನ್ ಎಂಬ ಬ್ರೌಸರ್ ವಿಸ್ತರಣೆಯು ಮುಟ್ಟಿದ ಅಕ್ಷರದಿಂದ ಮುಂದಕ್ಕೆ ನಿಘಂಟಿನಲ್ಲಿ ಸಿಗುವ ಅತಿ ಉದ್ದದ ಪದವನ್ನು ಹುಡುಕುತ್ತದೆ. ಕ್ರಿಯಾಪದವಾದರೆ ಪ್ರತ್ಯಯಗಳನ್ನು ನಿಯಮದಂತೆ ಕಳಚಿ, ‘ತಬೆನಕತ್ತ’ (ತಿನ್ನಲಿಲ್ಲ) ಎಂಬುದನ್ನು ‘ತಬೆರು’ (ತಿನ್ನು) ಎಂಬ ಮೂಲರೂಪಕ್ಕೆ ತರುತ್ತದೆ. ಹೊಸ ತಾಣವೇ ಬೇಕೇ ಎಂಬುದನ್ನೂ ಒಮ್ಮೆ ಯೋಚಿಸಿ. ನಾವೇ ಮಾಡಿದ ನಿಘಂಟನ್ನು ಜೆಸನ್ ಕಡತಗಳ ಜಿಪ್ ಆಗಿ ಕೊಟ್ಟರೆ ಯೋಮಿತಾನ್ ಒಪ್ಪಿಕೊಳ್ಳುತ್ತದೆ, ಆಂಕಿಗೆ ಕಳಿಸುವ ಸೌಲಭ್ಯವೂ ಅದರಲ್ಲಿದೆ. ನಮಗೆ ತುರ್ತಾಗಿ ಬೇಕಿರುವುದು ಜಪಾನಿ–ಕನ್ನಡ ನಿಘಂಟು.

ಉತ್ತರ 2

ಮೇಲಿನ ಮಾತನ್ನು ಒಪ್ಪುತ್ತೇನೆ. ಜಿಮ್ ಬ್ರೀನ್ ಅವರು 1991ರಲ್ಲಿ ಆರಂಭಿಸಿದ ಎಡಿಕ್ಟ್‌ನಿಂದ ಬೆಳೆದ ಜೆಎಂಡಿಕ್ಟ್ ಎಂಬ ನಿಘಂಟು ಜಪಾನಿ–ಇಂಗ್ಲಿಷ್‌ಗೆ ಇದೆ, ವಿ. ಕೃಷ್ಣ ಅವರ ‘ಅಲರ್’ ನಿಘಂಟು ಕನ್ನಡ–ಇಂಗ್ಲಿಷ್‌ಗೆ ಇದೆ. ಇಂಗ್ಲಿಷನ್ನು ನಡುವೆ ಇಟ್ಟು ಇವೆರಡನ್ನೂ ಯಂತ್ರದಿಂದ ಜೋಡಿಸುವ ಆಸೆ ಯಾರಿಗಾದರೂ ಬರುತ್ತದೆ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಹಲವು ಅರ್ಥಗಳಿರುವ ಇಂಗ್ಲಿಷ್ ಪದ ಬಂದಲ್ಲೆಲ್ಲ ತಪ್ಪು ಅರ್ಥ ನುಸುಳುತ್ತದೆ, ಅದನ್ನು ತಪ್ಪೆಂದು ಗುರುತಿಸಲು ಹೊಸ ಕಲಿಕಾರ್ಥಿಗೆ ಆಗುವುದಿಲ್ಲ. ಪರವಾನಗಿಗಳೂ ಬೇರೆಬೇರೆ: ಮೊದಲನೆಯದು ಸಿಸಿ ಬೈ-ಎಸ್‌ಎ, ಎರಡನೆಯದು ಓಡಿಬಿಎಲ್, ಬೆರೆಸಿದ ದತ್ತಾಂಶವನ್ನು ಯಾವುದರ ಅಡಿಯಲ್ಲಿ ಹಂಚಬೇಕೆಂಬುದೇ ತೊಡಕಾಗುತ್ತದೆ.

ಜೆಎಂಡಿಕ್ಟ್‌ನಲ್ಲಿ ‘ಇಚಿ1’, ‘ನ್ಯೂಸ್1’ ಎಂಬ ಗುರುತುಳ್ಳ ಬಳಕೆಯ ಪದಗಳನ್ನು ಆರಿಸಿ, ಕೈಯಿಂದಲೇ ಅರ್ಥ ಬರೆಯಿರಿ. 2010ರಿಂದ ಜೆಎಲ್‌ಪಿಟಿಗೆ ಅಧಿಕೃತ ಪದಪಟ್ಟಿ ಇಲ್ಲದ್ದರಿಂದ ‘ಎನ್‌5 ಪಟ್ಟಿ’ ಎಂದು ಜಾಲದಲ್ಲಿ ಸಿಗುವುದನ್ನು ಪೂರ್ತಿ ನಂಬುವಂತಿಲ್ಲ. ಎಲ್ಲಕ್ಕಿಂತ ಮೊದಲು ನಾಮಪದದ ನಂತರ ಬರುವ ಅವ್ಯಯಗಳನ್ನು ಮುಗಿಸಿ. ‘ಪನ್ ಓ ತಬೆರು’ ಎಂಬುದು ‘ಬ್ರೆಡ್ಡನ್ನು ತಿನ್ನುತ್ತೇನೆ’ ಎಂಬ ಕ್ರಮದಲ್ಲೇ ಇದೆ. ‘ಓ’ ಕೆಳಗೆ ‘–ಅನ್ನು’, ‘ಕರ’ ಕೆಳಗೆ ‘–ಇಂದ’ ಎಂದು ತೋರಿಸಿದರೆ ಇಂಗ್ಲಿಷಿನ ಪುಸ್ತಕಗಳು ಪುಟಗಟ್ಟಲೆ ವಿವರಿಸುವುದು ಕನ್ನಡಿಗರಿಗೆ ನೋಡಿದೊಡನೆ ತಿಳಿಯುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಆಂಡ್ರಾಯ್ಡ್ ಕ್ರೋಮಿನಲ್ಲಿ ವಿಸ್ತರಣೆಗಳು ನಡೆಯದ ಕಾರಣ ತಾಣವನ್ನು ಕೈಬಿಡಲಾರೆ, ಆದರೆ ನಿಘಂಟನ್ನು ಯೋಮಿತಾನ್ ರೂಪದಲ್ಲೇ ಮಾಡಿ, ಅದೇ ಜಿಪ್ ಕಡತವನ್ನು ತಾಣವೂ ಓದುವಂತೆ ಬರೆಯುತ್ತೇನೆ. ಗಿಟ್ (ಕಡತಗಳ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ಬಾರದ ಅಧ್ಯಾಪಕರು ಅರ್ಥಗಳನ್ನು ತಿದ್ದುವುದು ಹೇಗೆ?

ಉತ್ತರ 2

ಸಾಮಾನ್ಯ ಸ್ಪ್ರೆಡ್‌ಶೀಟ್ ಕೊಡಿ. ಜಿಪ್ ಕಟ್ಟುವ ಕೆಲಸವನ್ನು ಸಣ್ಣದೊಂದು ಸ್ಕ್ರಿಪ್ಟ್ ಮಾಡಲಿ. ಪ್ರತಿ ಸಾಲಿನಲ್ಲೂ ಜೆಎಂಡಿಕ್ಟ್‌ನ ಕ್ರಮಸಂಖ್ಯೆಯನ್ನು ಉಳಿಸಿಕೊಳ್ಳಿ, ಇಲ್ಲದಿದ್ದರೆ ಮೂಲ ನಿಘಂಟು ಪರಿಷ್ಕರಣೆಯಾದಾಗ ಯಾವ ಅರ್ಥ ಯಾವ ಪದದ್ದೆಂದು ಮತ್ತೆ ಹುಡುಕುತ್ತ ಕೂರಬೇಕಾಗುತ್ತದೆ.