ಬೆಳಗ್ಗೆ ಎದ್ದರೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿವೆ, ಪಿಎಚ್ ಏರಿಸುವುದು ಹೇಗೆ?

ತೀರ್ಥಹಳ್ಳಿ_ಟ್ಯಾಂಕ್: ತಲೆ ಕೆಟ್ಟುಹೋಗಿದೆ. ಎರಡಡಿ ಪ್ಲಾಂಟೆಡ್ ಟ್ಯಾಂಕ್ (ಒಳಗೆ ಗಿಡ ಬೆಳೆಸಿದ ಮೀನಿನ ತೊಟ್ಟಿ), ಬೇಸಿಗೆ ಪೂರ್ತಿ ಚೆನ್ನಾಗಿತ್ತು. ಈಗ ಬೆಳಗ್ಗೆ ನೋಡಿದರೆ ನಿಯಾನ್ ಟೆಟ್ರಾಗಳು ಮೇಲೆ ಬಂದು ಬಾಯಿ ಬಿಡುತ್ತಿವೆ. ಎರಡು ಸತ್ತೂ ಹೋದವು. ಗಿಡಕ್ಕೆ ಬಿಡುವ ಗ್ಯಾಸ್ (ಕಾರ್ಬನ್ ಡೈಆಕ್ಸೈಡ್) ಸೆಕೆಂಡಿಗೆ ಎರಡು ಬಬಲ್, ವಾಲ್ವ್ ಮುಟ್ಟಿಲ್ಲ. ಪಿಎಚ್ 5.9 ಬರುತ್ತಿದೆ. ಏರಿಸುವುದು ಹೇಗೆ, ಅಷ್ಟು ಹೇಳಿ ಸಾಕು. ಗ್ಯಾಸ್ ನಿಲ್ಲಿಸಿ ಅಂತ ಮಾತ್ರ ಅನ್ನಬೇಡಿ, ತಳದಲ್ಲಿ ಹರಡೋ ಗಿಡದ ಕಾರ್ಪೆಟ್ ಈಗಷ್ಟೇ ಹಿಡಿದಿದೆ.

ಅಡಿಕೆತೋಟ: ಕೆಎಚ್, ಅಂದರೆ ನೀರಿನ ಬೈಕಾರ್ಬನೇಟ್ ಅಳತೆ, ಎಷ್ಟು ಅಂತಲೇ ಬರೆದಿಲ್ಲ. ಬಾವಿ ನೀರಾ?

ತೀರ್ಥಹಳ್ಳಿ_ಟ್ಯಾಂಕ್: ಬಾವಿದೇ, ಇನ್ನೇನು. ಕೆಎಚ್ 2.

ಅಡಿಕೆತೋಟ: ಅಲ್ಲೇ ಇದೆ ನೋಡಿ. ನಮ್ಮ ಜಂಬಿಟ್ಟಿಗೆ ನೆಲದ ಬಾವಿಯಲ್ಲಿ ಬೈಕಾರ್ಬನೇಟ್ ತೀರಾ ಕಡಿಮೆ. ಆಸಿಡ್ ತಡೆಯೋಕೆ ಏನೂ ಇಲ್ಲದಿದ್ದರೆ ಪಿಎಚ್ ಬೀಳದೆ ಇನ್ನೇನು? ನೂರು ಲೀಟರಿಗೆ 6 ಗ್ರಾಂ ಅಡುಗೆ ಸೋಡಾ ಹಾಕಿದರೆ ಕೆಎಚ್ 2 ಏರುತ್ತೆ. ನಿಮ್ಮ ಟ್ಯಾಂಕಿಗೆ ಅದರರ್ಧ ಸಾಕು. ಮುಗೀತು.

ಸಾಗರದವ: ಸೋಡಾ ಬೇಡ ಮಾರಾಯ್ರೆ, ಪ್ರತಿ ಸಲ ನೀರು ಬದಲಿಸಿದಾಗಲೂ ತೂಕ ಮಾಡ್ತಾ ಕೂರಬೇಕು. ಹವಳದ ಚೂರು ಒಂದು ಮುಷ್ಟಿ ಬಟ್ಟೆಯಲ್ಲಿ ಕಟ್ಟಿ ಫಿಲ್ಟರಿಗೆ ಹಾಕಿ.

ಅಡಿಕೆತೋಟ: ಹವಳ ಜಿಎಚ್ (ನೀರಿನ ಗಡಸುತನ) ಕೂಡ ಏರಿಸುತ್ತೆ. ಮೇಲಾಗಿ ನೀರು ಆಸಿಡ್ ಆದಷ್ಟೂ ಬೇಗ ಕರಗುತ್ತೆ, ಲೆಕ್ಕವೇ ಸಿಗಲ್ಲ. ಸೋಡಾ ಆದರೆ ಹಾಕಿದ್ದಷ್ಟೇ.

ಸಾಗರದವ: ನನ್ನ ಟ್ಯಾಂಕಿನಲ್ಲಿ ಹವಳ ಹಾಕಿ ಎಷ್ಟೋ ಕಾಲವಾಯ್ತು. ಒಂದು ಮೀನೂ ಸತ್ತಿಲ್ಲ.

ಅಡಿಕೆತೋಟ: ನಿಮ್ಮದು ಗ್ಯಾಸೇ ಇಲ್ಲದ ಟ್ಯಾಂಕ್ ಅಲ್ವಾ?

ಬಾರ್ಬ್_ಶಿವಮೊಗ್ಗ: ಇಬ್ಬರೂ ಸ್ವಲ್ಪ ತಡೀರಿ. ಗ್ಯಾಸ್ ಬಿಟ್ಟಾಗ ಪಿಎಚ್ ಇಳಿಯುತ್ತೆ, ಕೆಎಚ್ ಹಾಗೇ ಇರುತ್ತೆ. ಕೆಎಚ್ 2 ಇರಲಿ, 8 ಇರಲಿ, ನೀರಿನಲ್ಲಿ ಗ್ಯಾಸ್ ಹತ್ತು ಪಟ್ಟಾದರೆ ಪಿಎಚ್ ಸುಮಾರು ಒಂದು ಇಳಿಯುತ್ತೆ. ಕೆಎಚ್ 2, ಪಿಎಚ್ 5.9 ಅಂದರೆ ಕೆಎಚ್-ಪಿಎಚ್ ಚಾರ್ಟ್ ಪ್ರಕಾರ ನೀರಿನಲ್ಲಿ ಗ್ಯಾಸ್ 75 ಪಿಪಿಎಂ (ಲೀಟರಿಗೆ 75 ಮಿಲಿಗ್ರಾಂ) ಹತ್ತಿರ. ಸಾಮಾನ್ಯವಾಗಿ ಇಟ್ಟುಕೊಳ್ಳೋದು 30. ಸೋಡಾ ಹಾಕಿ ಕೆಎಚ್ 4 ಮಾಡಿ, ಮೀಟರ್ 6.2 ತೋರಿಸುತ್ತೆ, ನಿಮಗೆ ಸಮಾಧಾನ. ಗ್ಯಾಸ್ ಮಾತ್ರ ಅದೇ 75. ಮೀನಿನ ರಕ್ತದಿಂದ ಗ್ಯಾಸ್ ಹೊರಗೆ ಹೋಗೋಕೆ ನೀರೇ ಬಿಡ್ತಿಲ್ಲ, ಅದಕ್ಕೆ ಬಾಯಿ ಬಿಡುತ್ತಿವೆ. ಗ್ಯಾಸ್ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸೋ ಡ್ರಾಪ್ ಚೆಕರ್ ಯಾವ ಬಣ್ಣ? 5.9 ಎಷ್ಟು ಹೊತ್ತಿನ ರೀಡಿಂಗ್?

ತೀರ್ಥಹಳ್ಳಿ_ಟ್ಯಾಂಕ್: ಬೆಳಗ್ಗೆ ಆರಕ್ಕೆ. ರಾತ್ರಿ ಹತ್ತಕ್ಕೆ ಲೈಟ್ ಆರುವಾಗ 6.4 ಇರುತ್ತೆ. ಡ್ರಾಪ್ ಚೆಕರ್ ಬೆಳಗ್ಗೆ ನಿಂಬೆಹಣ್ಣಿನ ಹಳದಿ, ಅಂದರೆ ಗ್ಯಾಸ್ ಜಾಸ್ತಿ ಅಂತ. ಲಿಕ್ವಿಡ್ ಹಳೇದು, ಅದಕ್ಕೇ ಲೆಕ್ಕಕ್ಕೆ ತಗೊಂಡಿಲ್ಲ.

ಅಡಿಕೆತೋಟ: ಮೀಟರ್ ಕ್ಯಾಲಿಬ್ರೇಟ್ ಮಾಡಿದ್ದೀರಾ? ಮಂಗಳೂರಿಂದ ಬರೋ ಅಗ್ಗದ ಪೆನ್ ಆದರೆ ನಂಬಬೇಡಿ.

ಬಾರ್ಬ್_ಶಿವಮೊಗ್ಗ: ಪೆನ್ ತಪ್ಪಿದ್ದರೆ ಎರಡು ಹೊತ್ತೂ ಒಂದೇ ಥರ ತಪ್ಪಬೇಕು. ಇಲ್ಲಿ ನೋಡಬೇಕಾದ್ದು ಬೇರೆ. ರಾತ್ರಿ ಗ್ಯಾಸ್ ನಿಂತಿದ್ದರೆ ಬೆಳಗ್ಗೆ ಹೊತ್ತಿಗೆ ಪಿಎಚ್ ಏರಿರಬೇಕು. ಗಿಡಗಳ ಉಸಿರಾಟದಿಂದ ಅಷ್ಟೊಂದು ಗ್ಯಾಸ್ ಬರಲ್ಲ. ನಿಮ್ಮದು ಇಳಿದಿದೆ. ರಾತ್ರಿಯಿಡೀ ಟ್ಯಾಂಕಿಗೆ ಗ್ಯಾಸ್ ಹೋಗ್ತಿದೆ. ಸೊಲೆನಾಯ್ಡ್ (ಗ್ಯಾಸ್ ಬಿಡೋ, ನಿಲ್ಲಿಸೋ ಕರೆಂಟ್ ವಾಲ್ವ್) ನೋಡಿ.

ತೀರ್ಥಹಳ್ಳಿ_ಟ್ಯಾಂಕ್: ಸೊಲೆನಾಯ್ಡ್ ಟೈಮರ್ ಮೇಲಿದೆ. ಮಧ್ಯಾಹ್ನ ಒಂದಕ್ಕೆ ಶುರು, ರಾತ್ರಿ ಒಂಬತ್ತಕ್ಕೆ ಬಂದ್. ಶುರುವಾಗೋ ಹೊತ್ತಿಗೆ ನಾನು ಆಫೀಸಿನಲ್ಲಿ. ರಾತ್ರಿ ಬಂದ ಮೇಲೆ ನೋಡಿದಾಗ ಬಬಲ್ ಸರಿಯಾಗೇ ಬರ್ತಿರುತ್ತೆ.

ಹೊಸನಗರ_ಮಳೆ: ಟೈಮರ್ ಯಾವುದು? ಸುತ್ತ ಪಿನ್ ಇರೋ ಡಯಲ್‌ದಾ? ಮಳೆ ಶುರುವಾದ ಮೇಲೆ ನಿಮ್ಮಲ್ಲಿ ಕರೆಂಟ್ ಹೇಗಿದೆ?

ತೀರ್ಥಹಳ್ಳಿ_ಟ್ಯಾಂಕ್: ಪಿನ್‌ದೇ. ಕರೆಂಟ್ ಕೇಳಲೇಬೇಡಿ. ಮರ ಬಿದ್ದರೆ ಅರ್ಧ ದಿನ. ಫಿಲ್ಟರ್ ಇನ್ವರ್ಟರ್ ಮೇಲಿದೆ, ಹಾಗಾಗಿ ಆಕ್ಸಿಜನ್ ಸಮಸ್ಯೆ ಅಲ್ಲ. ಲೈಟಿಗೆ ಡಿಜಿಟಲ್ ಟೈಮರ್.

ಹೊಸನಗರ_ಮಳೆ: ಅಲ್ಲೇ ಸಿಕ್ಕಿತು. ಕರೆಂಟ್ ಹೋದರೆ ಡಯಲ್ ನಿಲ್ಲುತ್ತೆ, ಬಂದಾಗ ನಿಂತಲ್ಲಿಂದ ತಿರುಗುತ್ತೆ. ಹೋದಷ್ಟು ಹೊತ್ತು ಹಿಂದೆ ಬಿತ್ತು, ಅದು ಕೂಡ್ತಾ ಹೋಗುತ್ತೆ. ಡಿಜಿಟಲ್‌ಗೆ ಒಳಗೆ ಬ್ಯಾಟರಿ ಇರುತ್ತೆ, ಹಾಗಾಗಿ ಲೈಟ್ ಸರಿಯಾಗಿದೆ. ಡಯಲ್ ನೋಡಿ ಹೇಳಿ.

ತೀರ್ಥಹಳ್ಳಿ_ಟ್ಯಾಂಕ್: ಈಗ ರಾತ್ರಿ ಒಂಬತ್ತು. ಡಯಲ್‌ನಲ್ಲಿ ಮಧ್ಯಾಹ್ನ ಎರಡು.

ಬಾರ್ಬ್_ಶಿವಮೊಗ್ಗ: ಅಂದರೆ ಗ್ಯಾಸ್ ರಾತ್ರಿ ಎಂಟಕ್ಕೆ ಶುರು, ಬೆಳಗಿನ ಜಾವ ನಾಲ್ಕಕ್ಕೆ ಬಂದ್. ಗಿಡಕ್ಕೆ ಹಗಲಲ್ಲಿ ಉಪವಾಸ, ಮೀನಿಗೆ ರಾತ್ರಿಯೆಲ್ಲ ಉಸಿರುಗಟ್ಟು. ಈಗಲೇ ಸಿಲಿಂಡರ್ ಬಂದ್ ಮಾಡಿ, ಫಿಲ್ಟರ್ ಔಟ್‌ಲೆಟ್ ಮೇಲಕ್ಕೆ ತಿರುಗಿಸಿ, ನೀರಿನ ಮೇಲ್ಮೈ ಕಲಕಲಿ. ಡಿಜಿಟಲ್ ಟೈಮರ್ ಹಾಕಿದ ಮೇಲೆ ಒಂದು ಲೋಟ ಟ್ಯಾಂಕ್ ನೀರಿಗೆ ರಾತ್ರಿಯಿಡೀ ಏರ್ ಪಂಪ್ ಬಿಟ್ಟು ಪಿಎಚ್ ನೋಡಿ. ಟ್ಯಾಂಕಿನ ಪಿಎಚ್ ಅದಕ್ಕಿಂತ ಒಂದು ಕಡಿಮೆ ಬರುವಂತೆ ವಾಲ್ವ್ ಇಡಿ. ಕೆಎಚ್ ತಲೆನೋವೇ ಬೇಡ.

ಅಡಿಕೆತೋಟ: ಆದರೂ ಕೆಎಚ್ 2 ಕಡಿಮೆಯೇ. ಸೋಡಾ ಹಾಕಿದರೆ ನಷ್ಟವೇನಿಲ್ಲ.

ಬಾರ್ಬ್_ಶಿವಮೊಗ್ಗ: ನನ್ನ ನಾಲ್ಕಡಿ ಟ್ಯಾಂಕಿನಲ್ಲಿ ಕೆಎಚ್ ಒಂದೂ ಇಲ್ಲ. ರೋಟಾಲಾ ಮ್ಯಾಕ್ರಾಂಡ್ರ ಕುಂಕುಮದ ಬಣ್ಣಕ್ಕೆ ಬಂದಿದೆ. ಅದು ನಮ್ಮ ಘಟ್ಟದ ಕಡೆಯ ಗಿಡವೇ, ಮೆದು ನೀರು ಅಂದರೆ ಅದಕ್ಕೆ ಪ್ರಾಣ.

ಅಡಿಕೆತೋಟ: ಹಳ್ಳದಿಂದ ಕಿತ್ತು ತಂದಿದ್ದಲ್ವಾ?

ಬಾರ್ಬ್_ಶಿವಮೊಗ್ಗ: ಅಂಗಡಿಯಿಂದ ತಂದ ಒಂದೇ ಕಡ್ಡಿಯಿಂದ ಬೆಳೆಸಿದ್ದು. ಬೇಕಿದ್ದರೆ ಬಂದು ನೋಡಿ.

ಸಾಗರದವ: ಅವರು ಬರಲ್ಲ ಬಿಡಿ. ನನಗೆ ನಾಲ್ಕು ಕಡ್ಡಿ ಒದ್ದೆ ಪೇಪರಿನಲ್ಲಿ ಸುತ್ತಿ ಸಾಗರದ ಬಸ್ಸಿಗೆ ಹಾಕ್ತೀರಾ?