ಮಳೆಗೆ ಯಾವ ಟೈರು? ದುಡ್ಡು ಕಮ್ಮಿ ಇದೆ, ಎರಡು ಒಳ್ಳೆಯದಾ ಇಲ್ಲ ನಾಲ್ಕು ಅಗ್ಗದ್ದಾ?

ಪ್ರಶ್ನೆ

ನಾನು ಓಡಾಡುವ ರಸ್ತೆ ವರ್ಷದಲ್ಲಿ ಅರ್ಧದಷ್ಟು ದಿನ ಒದ್ದೆಯಾಗಿಯೇ ಇರುತ್ತದೆ. ಸಣ್ಣ ಹ್ಯಾಚ್‌ಬ್ಯಾಕ್, ಫ್ರಂಟ್ ವೀಲ್ ಡ್ರೈವ್ (ಎಂಜಿನ್ ತಿರುಗಿಸುವುದು ಮುಂದಿನ ಚಕ್ರಗಳನ್ನು), ಟೈರ್ ಸೈಜ್ 185/65 ಆರ್15. ಮೊನ್ನೆ ಮಳೆಯಲ್ಲಿ ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿದರೆ ಪೆಡಲ್ ಕಾಲಡಿ ಗಡಗಡ ನಡುಗಿತು, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವುದು) ತನ್ನ ಕೆಲಸ ಮಾಡುತ್ತಿತ್ತು, ಆದರೂ ಕಾರು ಗೆರೆ ದಾಟಿ ಅರ್ಧ ಕಾರಿನಷ್ಟು ಮುಂದೆ ಹೋಗಿ ನಿಂತಿತು. ಜೋರಾಗಿ ಏನೂ ಬಂದಿರಲಿಲ್ಲ. ಮುಂದೆ ಯಾರೂ ಇರಲಿಲ್ಲ, ಬಚಾವಾದೆ.

ಮುಂದಿನ ಎರಡು ಟೈರು ಸವೆದಿವೆ, ಹಿಂದಿನವು ಚೆನ್ನಾಗಿವೆ. ಇರುವ ದುಡ್ಡಿಗೆ ಎರಡು ಒಳ್ಳೆಯ ಟೈರು ಬರುತ್ತವೆ, ಇಲ್ಲವೇ ಹೆಸರೇ ಕೇಳದ ಕಂಪನಿಯ ನಾಲ್ಕು. ಎರಡೇ ಹಾಕಿಸಿದರೆ ಮುಂದಕ್ಕೇ ಹಾಕಿಸಬೇಕು ಅಲ್ವಾ?

ಉತ್ತರ 1

ಎರಡು ಒಳ್ಳೆಯವು. ಆದರೆ ಹೊಸವು ಹಿಂದಕ್ಕೆ, ಈಗ ಹಿಂದೆ ಇರುವವು ಮುಂದಕ್ಕೆ. ಫ್ರಂಟ್ ವೀಲ್ ಡ್ರೈವ್ ಆದರೂ ಅಷ್ಟೇ. ನಾನೂ ಮೊದಲು ನಂಬಿರಲಿಲ್ಲ.

ನೀರಿನ ಮೇಲೆ ಮುಂದಿನ ಟೈರು ತೇಲಿದರೆ ಸ್ಟೀರಿಂಗ್ ಕೈಯಲ್ಲಿ ಹಗುರ ಆಗುತ್ತದೆ, ನಿಮಗೆ ಗೊತ್ತಾಗುತ್ತದೆ, ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ವೇಗ ಇಳಿದು ಹಿಡಿತ ಮತ್ತೆ ಸಿಗುತ್ತದೆ. ಹಿಂದಿನದು ಹಿಡಿತ ಬಿಟ್ಟರೆ ಮುನ್ಸೂಚನೆಯೇ ಇಲ್ಲ, ಕಾರು ಗಿರಕಿ ಹೊಡೆಯುತ್ತದೆ. ತಿರುವಿನಲ್ಲಿ ಹಾಗಾದರೆ ಸರಿ ಮಾಡಿಕೊಳ್ಳುವುದು ನಮ್ಮಂಥವರ ಕೈಲಿ ಆಗುವ ಕೆಲಸ ಅಲ್ಲ.

ಟ್ರೆಡ್, ಅಂದರೆ ಟೈರಿನ ಗೀರುಗಳ ಆಳ, ಎಷ್ಟು ಉಳಿದಿದೆ ಅಂತ ಗೇಜ್ ಇಟ್ಟು ಅಳೆಯಿರಿ, ಕಣ್ಣಳತೆ ಬೇಡ. ಹೊಸ ಟೈರಿನಲ್ಲಿ ಸುಮಾರು 8 ಮಿ.ಮೀ. ಇರುತ್ತದೆ. ಗೀರುಗಳ ತಳದಲ್ಲಿ ಅಡ್ಡಡ್ಡ ಪುಟ್ಟ ರಬ್ಬರ್ ದಿಣ್ಣೆ ಕಾಣುತ್ತವೆ ನೋಡಿ, ಟ್ರೆಡ್ ಅವುಗಳ ಮಟ್ಟಕ್ಕೆ ಬಂತು ಎಂದರೆ 1.6 ಮಿ.ಮೀ., ಅಲ್ಲಿಗೆ ಟೈರಿನ ಕಥೆ ಮುಗಿಯಿತು. ಮಳೆಯಲ್ಲಿ ಓಡಿಸುವವರು ಅಲ್ಲಿಯವರೆಗೆ ಕಾಯಬಾರದು, 3 ಮಿ.ಮೀ.ಗೇ ಬದಲಾಯಿಸಬೇಕು. ನೀರು ಆಚೆ ಹೋಗುವುದೇ ಆ ಗೀರುಗಳಲ್ಲಿ.

ಉತ್ತರ 2

ಅಂಗಡಿಯವರು 'ಇದು ತುಂಬಾ ವರ್ಷ ಬಾಳುತ್ತದೆ' ಅಂದ ತಕ್ಷಣ ತಲೆ ಆಡಿಸಬೇಡಿ. ಸೈಡ್‌ವಾಲ್ (ಟೈರಿನ ಪಕ್ಕದ ಭಾಗ) ಮೇಲೆ ಟ್ರೆಡ್‌ವೇರ್ ಅಂತ ಒಂದು ನಂಬರ್ ಇದ್ದರೆ ನೋಡಿ. ಅದು ಜಾಸ್ತಿ ಇದ್ದಷ್ಟೂ ಸವೆಯುವುದು ನಿಧಾನ, ಆದರೆ ರಬ್ಬರ್ ಗಟ್ಟಿ ಇರುವ ಸಾಧ್ಯತೆ ಜಾಸ್ತಿ, ಗಟ್ಟಿ ರಬ್ಬರ್ ಒದ್ದೆ ರಸ್ತೆಯನ್ನು ಅಷ್ಟಾಗಿ ಕಚ್ಚುವುದಿಲ್ಲ. ಆ ನಂಬರ್ ಕೊಟ್ಟುಕೊಳ್ಳುವುದು ಕಂಪನಿಯೇ, ಹಾಗಾಗಿ ಒಂದು ಕಂಪನಿಯದ್ದನ್ನು ಇನ್ನೊಂದರ ಜೊತೆ ಹೋಲಿಸಿ ಪ್ರಯೋಜನ ಇಲ್ಲ. ಪಕ್ಕದಲ್ಲೇ ಟ್ರ್ಯಾಕ್ಷನ್ ಅಕ್ಷರ ಇರುತ್ತದೆ: ಎಎ, ಎ, ಬಿ, ಸಿ. ಇದು ಒದ್ದೆ ರಸ್ತೆಯಲ್ಲಿ ನೇರಕ್ಕೆ ಬ್ರೇಕ್ ಹಾಕಿದರೆ ಹೇಗೆ ಅನ್ನುವುದು ಮಾತ್ರ, ತಿರುವಿನ ವಿಷಯ ಅಲ್ಲ.

ಯುರೋಪಿನ ಲೇಬಲ್ ಇರುವ ಟೈರಾದರೆ ಇನ್ನೂ ಸುಲಭ. ಮಳೆ ಮೋಡದ ಚಿತ್ರದ ಪಕ್ಕ ಎ ಯಿಂದ ಇ ವರೆಗೆ ಅಕ್ಷರ, ಅದೇ ವೆಟ್ ಗ್ರಿಪ್. ಎ ಅಥವಾ ಬಿ ತಗೊಳ್ಳಿ. ದೊಡ್ಡ ಬ್ರ್ಯಾಂಡೇ ಬೇಕು ಅಂತಿಲ್ಲ, ನಡುವಿನ ದರ್ಜೆಯಲ್ಲೂ ಬಿ ಸಿಗುತ್ತದೆ.

ಚೆಂದ ಕಾಣುತ್ತದೆ ಅಂತ ಸುಮ್ನೆ ಅಗಲದ ಟೈರಿಗೆ ಹೋಗಬೇಡಿ. ಅಗಲ ಜಾಸ್ತಿ ಆದಷ್ಟೂ ನೀರಿನ ಮೇಲೆ ಬೇಗ ತೇಲುತ್ತದೆ.

ಉತ್ತರ 3

ನನ್ನ ಮತ ಬೇರೆ. ಮುಂದೊಂದು ಹಿಂದೊಂದು ಜಾತಿ ಯಾಕೆ, ನಾಲ್ಕೂ ಒಂದೇ ಥರ ಹಾಕಿಸಿ ನೆಮ್ಮದಿಯಾಗಿರಿ. ಸೆಕೆಂಡ್ ಹ್ಯಾಂಡ್ ಟೈರು ಮಾತ್ರ ಬೇಡ. ಒಮ್ಮೆ ತಗೊಂಡಿದ್ದೆ, ಹೊರಗಿನಿಂದ ಫಳಫಳ, ಬಿಚ್ಚಿದಾಗ ಒಳಗೆ ಸೈಡ್‌ವಾಲ್‌ಗೇ ತೇಪೆ. ಮತ್ತೆ ಗಾಳಿ ನೋಡಿದ್ದೀರಾ? ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಗಾಳಿ ಎಷ್ಟಿರಬೇಕು ಅಂತ ಚೀಟಿ ಅಂಟಿಸಿರುತ್ತಾರಲ್ಲ, ಅಷ್ಟು ಇರಬೇಕು, ಅದೂ ಟೈರು ತಣ್ಣಗಿರುವಾಗ. ಗಾಳಿ ಕಮ್ಮಿ ಇದ್ದರೆ ಒಳ್ಳೆಯ ಟೈರೂ ನೀರಿನ ಮೇಲೆ ತೇಲುತ್ತದೆ.

ಪ್ರಶ್ನೆ ಕೇಳಿದವರು

ಗೇಜ್ ತಂದು ಅಳೆದೆ. ಮುಂದಿನವು 2.5, ಹಿಂದಿನವು 5. ಸೈಡ್‌ವಾಲ್ ಮೇಲೆ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಮುಂದಿನದರಲ್ಲಿ 3020, ಹಿಂದಿನದರಲ್ಲಿ 1416. ಹಿಂದಿನದರ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕುಗಳಿವೆ, ಉಗುರು ಆಡಿಸಿದರೆ ತಟ್ಟುತ್ತವೆ. ಇದೇನು ತೊಂದರೆಯಾ?

ಉತ್ತರ 1

ಹೌದು, ತೊಂದರೆಯೇ. ನಾನು ಮೇಲೆ ಹೇಳಿದ್ದನ್ನು ತಿದ್ದಬೇಕು. 1416 ಎಂದರೆ 2016ರ 14ನೇ ವಾರ ತಯಾರಾದದ್ದು. ಟ್ರೆಡ್ 5 ಇದ್ದರೂ ರಬ್ಬರ್ ಒಣಗಿ ಗಟ್ಟಿಯಾಗಿದೆ, ಬಿರುಕೇ ಹೇಳುತ್ತಿದೆಯಲ್ಲ. ಅವನ್ನು ಮುಂದಕ್ಕೆ ಹಾಕಬೇಡಿ, ತೆಗೆಸಿಬಿಡಿ. ಇನ್ನು ಹಿಂದಕ್ಕೆ ಎರಡು ಹೊಸವು ಹಾಕಿಸಿದರೂ ಸಿಗ್ನಲ್‌ನಲ್ಲಿ ಜಾರಿದ್ದು ಪೂರ್ತಿ ಸರಿಹೋಗುವುದಿಲ್ಲ, ಬ್ರೇಕ್ ಹಾಕಿದಾಗ ಭಾರ ಬೀಳುವುದು ಮುಂದಕ್ಕೆ, ಅಲ್ಲಿ ಇರುವುದು 2.5. ಹಾಗಾಗಿ ನಾಲ್ಕು ಹಾಕಿಸಿ ಅಂದವರದ್ದು ಅರ್ಧ ಸರಿ. ವೆಟ್ ಗ್ರಿಪ್ ಬಿ ಇರುವ, ನಡುವಿನ ದರ್ಜೆಯ ನಾಲ್ಕು ನಿಮ್ಮ ದುಡ್ಡಿಗೆ ಹತ್ತಿರ ಬರುತ್ತವಾ ವಿಚಾರಿಸಿ. ಆಗಲಿಲ್ಲ ಅಂದರೆ ಈಗ ಎರಡು ಹಿಂದಕ್ಕೆ, ಮುಂದಿನ ಜೋಡಿಗೆ ದುಡ್ಡು ಸೇರುವವರೆಗೆ ಮಳೆಯಲ್ಲಿ ನಿಧಾನ, ಮುಂದಿನ ಗಾಡಿಯಿಂದ ದೂರ.

ಹಾಗೇ ಡಿಕ್ಕಿ ತೆಗೆದು ಸ್ಟೆಪ್ನಿಯ ನಂಬರೂ ನೋಡಿ ಬನ್ನಿ.